ಮಾದರಿ ಖಾತೆ

ಸೊಹಾರ್ ಬಂದರಿನ ಮೂರನೇ ಗೇಟಿನ ಹಿಂದೆ
ಕಿಟಕಿಯಿಲ್ಲದ ಕೋಣೆ. ಹೊರಗೆ ನಲವತ್ತಾರು ಡಿಗ್ರಿ,
ಒಳಗೆ ಹದಿನೆಂಟು. ಸರ್ವರುಗಳಿಗೆ ಚಳಿ ಬೇಕು;
ಅವುಗಳ ಜೊತೆ ಬಾಳುವ ತಪ್ಪಿಗೆ ನನಗೊಂದು ಸ್ವೆಟರು.

ಭಾನುವಾರ ಬೆಳಿಗ್ಗೆ ಪಟ್ಟಿ ಬರುತ್ತದೆ:
ಗೋದಾಮಿಗೆ ನಲವತ್ತಮೂರು ಜನ, ನಾಳೆಯೇ ಶಿಫ್ಟು.
ಮೊದಮೊದಲು ಒಬ್ಬೊಬ್ಬರನ್ನೂ ಕೈಯಾರೆ ಕಟ್ಟುತ್ತಿದ್ದೆ:
ಯಾವ ಫೋಲ್ಡರು, ಯಾವ ಪ್ರಿಂಟರು,
ಎಷ್ಟು ಗಂಟೆಯಿಂದ ಎಷ್ಟರ ತನಕ ಬಾಗಿಲು ತೆರೆದಿರಬೇಕು.
ತಲೆಗೆ ಹನ್ನೆರಡು ನಿಮಿಷ. ಇಪ್ಪತ್ತನೆಯವನ ಹೊತ್ತಿಗೆ ಕಣ್ಣು ಮಂಜಾಗಿ
ಕ್ರೇನಿನವನೊಬ್ಬನಿಗೆ ಸಂಬಳದ ಕಡತ ತೆರೆದುಬಿಟ್ಟಿದ್ದೆ.
ಅವನು ಯಾರಿಗೂ ಹೇಳಲಿಲ್ಲ. ಮ್ಯಾನೇಜರಿಗೆ ಸಲಾಮು ಮಾತ್ರ ನಿಲ್ಲಿಸಿದ.

ಆಮೇಲೆ ಕಲಿತೆ ಅಚ್ಚು ಮಾಡಿಟ್ಟುಕೊಳ್ಳಲು.
ಗೇಟಿಗೊಂದು, ಕ್ರೇನಿಗೊಂದು, ಗೋದಾಮಿಗೊಂದು.
ಬೇಕಾದ ಹಕ್ಕೆಲ್ಲ ಅದಕ್ಕೆ ಕೊಟ್ಟು
ಕೊನೆಗೆ ಅದನ್ನೇ ನಿಷ್ಕ್ರಿಯ ಮಾಡಬೇಕು:
ಎಲ್ಲ ಬೀಗದ ಕೈಯೂ ಸೊಂಟದಲ್ಲಿದ್ದು
ಎಂದೂ ಒಳಗೆ ಬಾರದ ಒಬ್ಬ.
ಬಲಗುಂಡಿ, ನಕಲು, ಹೊಸ ಹೆಸರು, ಹೊಸ ಪಾಸ್‌ವರ್ಡು.
ಸುಲೈಮಾನಿ ಆರುವುದರೊಳಗೆ ಹತ್ತು ಮಂದಿ.

ನಕಲಿನಲ್ಲಿ ಇಳಿದು ಬರುವುದು ಗುಂಪು, ವೇಳೆ, ಮೇಲಧಿಕಾರಿ.
ಹೆಸರು ಬಾರದು, ಫೋನು ಬಾರದು;
ಅವನ್ನು ಅವರವರೇ ತರಬೇಕು.
ಟೇಕ್ ಬಹಾದೂರ್ ಘರ್ತಿ. ರೋಸಲೀ ಡಿಮಾಕುಲಂಗನ್.
ಪಕ್ಕದ ಸಹಮ್‌ನ ಹಿಲಾಲ್ ಬಿನ್ ಸೈಫ್, ಅಜ್ಜನ ತನಕ ಉದ್ದ.
ಲಿಂಗಸುಗೂರಿನ ಹನುಮೇಶನಿಗೆ ಎರಡನೇ ಹೆಸರೇ ಇಲ್ಲ,
ಚೌಕ ಖಾಲಿ ಬಿಟ್ಟರೆ ಫಾರಮು ಮುಂದೆ ಹೋಗದು.
ಅಪ್ಪನ ಹೆಸರು ಹಾಕಲಾ ಎಂದರೆ
"ಬ್ಯಾಡ್ರಿ ಮೇಡಂ, ಒಂದು ಚುಕ್ಕಿ ಇಡ್ರಿ."
ಇಟ್ಟೆ.

ಜೂನಿನ ಒಂದು ರಾತ್ರಿ, ಎರಡು ಗಂಟೆಗೆ,
ನಲವತ್ತಮೂರು ಫೋನುಗಳು ಒಟ್ಟಿಗೆ ನಡುಗಿದವು:
ತುರ್ತು. ಓ ನೆಗೆಟಿವ್. ಆಸ್ಪತ್ರೆ, ಎರಡನೇ ಮಹಡಿ.

ಎದ್ದು ಹುಡುಕಿದೆ. ಗೋದಾಮಿನ ಅಚ್ಚನ್ನು ಅವಸರಕ್ಕೆ
ಒಬ್ಬ ನಿಜದ ಮನುಷ್ಯನಿಂದ ತೆಗೆದಿದ್ದೆ:
ಅನಾಕ್ಲೆಟ್ ರೆಬೆಲ್ಲೊ, ಹತ್ತೊಂಬತ್ತು ವರ್ಷದ ಸ್ಟೋರ್‌ಕೀಪರು,
ಲೆಕ್ಕ ಚುಕ್ತಾ ಮಾಡಿ ಕಿನ್ನಿಗೋಳಿಗೆ ಹೋದವರು.
ಅವರದ್ದೆಲ್ಲ ಕೆರೆದು ತೆಗೆದಿದ್ದೆ, ತಳದ ಒಂದು ಸಾಲು ಬಿಟ್ಟು.
ಆ ಸಾಲಿನ ದಾರಿಯಲ್ಲಿ ಅವರ ರಕ್ತ
ನಲವತ್ತಮೂರು ಮೈಗೆ ಹಂಚಿಹೋಗಿತ್ತು.

"ತಪ್ಪಾಗಿದೆ, ಕ್ಷಮಿಸಿ, ಮಲಗಿ" ಎಂದು ಬರೆದೆ.
ಅಷ್ಟರಲ್ಲಿ ಕಂಪನಿಯ ಪಿಕಪ್ಪು ಹೊರಟಾಗಿತ್ತು, ಹನ್ನೊಂದು ಜನ ಹಿಂದೆ.
ನರ್ಸು ಬೆರಳು ಚುಚ್ಚುತ್ತ ಹೋದಳು: ಬಿ, ಬಿ, ಎ, ಮತ್ತೆ ಬಿ.
ಒಬ್ಬನೂ ಅಲ್ಲ. ಬೇಕಿದ್ದ ಬಾಟಲು ಕೊನೆಗೆ ಮಸ್ಕತ್ತಿನಿಂದ ಬಂತು.
ಬಂದವರೆಲ್ಲ ಜ್ಯೂಸು ಕುಡಿದು ನಸುಕಿಗೆ ಮರಳಿದರು.

"ನಿನ್ನ ರಕ್ತ ಯಾವುದೆಂದು ನಿನಗೇ ಗೊತ್ತಿಲ್ಲವೇನೋ?"
"ಕಂಪ್ನಿಯೋರು ನನ್ ಹೆಸರಿಗೆ ಕಳ್ಸ್ಯಾರಲ್ರಿ,
ಇದ್ರೂ ಇರಬೌದು ಅಂದ್ಕೊಂಡೆ" ಅಂದ ಹನುಮೇಶ.

ಬೆಳಿಗ್ಗೆ ಅಚ್ಚು ಸರಿಮಾಡಿದೆ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ:
ಬದುಕಿರುವವರಿಂದ ಅಚ್ಚು ತೆಗೆಯಬಾರದು, ಖಾಲಿಯಿಂದ ತೊಡಗಬೇಕು.
ಆದರೆ ಅಚ್ಚು ತಿದ್ದಿದರೆ ಒತ್ತಿ ಮುಗಿದದ್ದು ತಿದ್ದಿಕೊಳ್ಳುವುದಿಲ್ಲ.
ನಲವತ್ತಮೂರನ್ನೂ ಒಂದೊಂದಾಗಿ ತೆರೆಯಬೇಕಾಯಿತು,
ಒಬ್ಬೊಬ್ಬರನ್ನೂ ಕರೆದು ಕೇಳಿ.
ಮೂವತ್ತಾರು ಜನ ತೆಗೆಯಿರಿ ಅಂದರು. ಏಳು ಜನ
ಇರಲಿ, ಸರಿಯಾದ್ದು ಬರೆಯಿರಿ ಅಂದರು.

ಅದಕ್ಕೆ ಅಚ್ಚಿಲ್ಲ. ಸ್ವೆಟರಿನ ತೋಳು ಮಡಚಿ
ಹೊಸ ಗುಂಪು ಕೈಯಾರೆ ಕಟ್ಟತೊಡಗಿದೆ.
ಹನುಮೇಶ, ಚುಕ್ಕಿ. ಬಿ ಪಾಸಿಟಿವ್.
ಹನ್ನೆರಡು ನಿಮಿಷ.