ಅಧ್ಯಾಯ ೧/?

ಕೂಸೇನೋ ಹುಟ್ಟಿದೆ. ಕುಲಾವಿ ಹೊಲಿಯಲು ಬಾರದೆ
ಇಪ್ಪತ್ತೊಂಬತ್ತು ದಿನ ಡ್ರಾಫ್ಟಿನಲ್ಲೇ ಮಲಗಿಸಿದ್ದೇನೆ.
ನಾಳೆಗೆ ಮೂವತ್ತು.
ಪ್ರಕಟಿಸದೆ ಬಿಟ್ಟದ್ದನ್ನು ಕಥೆಗಳ ಉಗ್ರಾಣ
ತಾನೇ ಗುಡಿಸಿ ಹಾಕುತ್ತದಂತೆ.

ಲಿಯೆಪಾಯದ ಟ್ರಾಮಿಗೆ ಇರುವುದು ಒಂದೇ ಹಾದಿ.
ಹೋದರೆ ಆ ತುದಿ, ಬಂದರೆ ಈ ತುದಿ.
ಕೊನೆಯ ಗಾಡಿಯನ್ನು ಶೆಡ್ಡಿಗೆ ತಂದು ನಿಲ್ಲಿಸಿ
ಕೈಗವಸು ಹಲ್ಲಲ್ಲಿ ಕಚ್ಚಿ ಎಳೆದು
ಚಾಲಕಿಯ ಸೀಟಿನಲ್ಲೇ ಕೂತು ಫೋನು ತೆರೆಯುತ್ತೇನೆ.
ಹೊರಗೆ ಗಾಳಿ. ಹುಟ್ಟಿದ್ದು ಈ ಊರಲ್ಲೇ ಅನ್ನುತ್ತಾರೆ,
ತವರೆಂಬ ದಾಕ್ಷಿಣ್ಯವೂ ಇಲ್ಲದೆ ಬಾಗಿಲು ಒದೆಯುತ್ತದೆ.

ಮೊದಲ ಚೌಕ: ಯಾವ ಲೋಕದ ಕಥೆ?
ಹಿಮ ಒಡೆಯುವ ಹಡಗಿನ ಧಾರಾವಾಹಿ,
ಮೂರನೇ ವರ್ಷಕ್ಕೆ ದುಡ್ಡು ಸಾಲದೆ ನಿಲ್ಲಿಸಿದರಲ್ಲ, ಅದು.
ಮಾಡಿದವರು ನಿಲ್ಲಿಸಿದರು.
ನೋಡಿದವರಿಗೆ ಯಾರೂ ಹೇಳಿಕಳಿಸಲಿಲ್ಲ.

ಪಾತ್ರಗಳು?
ಯೋರೆನ್, ರೇಡಿಯೋ ಹುಡುಗ.
ಒಂದಕ್ಷರ ಒತ್ತಿದ್ದೇ ತಡ, ಪಟ್ಟಿ ಜಾರಿ ಇಳಿಯಿತು:
ಯೋರೆನ್, ಜೋರೆನ್, ನಮ್ಮ ಪಾಪದ ಯೋರೆನ್,
ಇವನಿಗೆ ಯಾರಾದರೂ ಕಂಬಳಿ ಹೊದಿಸಿ.
ಎಲ್ಲೋ ಯಾರೋ ಸಂಬಳವಿಲ್ಲದೆ ರಾತ್ರಿ ಕೂತು
ಈ ಅಡ್ಡಹೆಸರುಗಳನ್ನೆಲ್ಲ ಒಂದೇ ಗೂಟಕ್ಕೆ ಕಟ್ಟುತ್ತಾರಂತೆ,
ಹುಡುಕಿ ಬಂದವರು ಏನೆಂದು ಕೂಗಿದರೂ
ಅವನೇ ಓಗೊಡಲಿ ಅಂತ.

ಆಮೇಲೆ ನಂಟು.
ಎರಡು ಹೆಸರಿನ ನಡುವೆ ಓರೆಗೆರೆ ಎಳೆದರೆ ಒಲವು,
'ಮತ್ತು' ಅಂದರೆ ಗೆಳೆತನ.
ಈ ಒಂದು ಗೆರೆಗೇ ಅಲ್ಲವೇ ಬೈಬಾ ಮತ್ತು ನಾನು
ಅವಳ ಅಡುಗೆಮನೆಯಲ್ಲಿ ಬಡಿದಾಡಿದ್ದು?
ಯೋರೆನ್, ಟಾವಿ ಬರೀ ಸ್ನೇಹಿತರು ಅಂದಳು.
ಹಾಗಾದರೆ ಆ ಕೈ, ಆ ಕೊನೇ ಕಂತಿನಲ್ಲಿ, ಅಂದೆ.
ಚಹಾ ಆರಿತು. ನಾನು ಕೋಟು ಹಾಕಿಕೊಂಡೆ.
ಆರು ವರ್ಷ.
ಬೈಬಾ, ಅಗ್ನೆಸೆ: ನಮ್ಮ ನಡುವಿನ ಗುರುತು ಯಾವುದೆಂದು
ಯಾವ ಚೌಕವೂ ಕೇಳಿರಲಿಲ್ಲ.

ಎಚ್ಚರಿಕೆಗಳು. ಮುಖ್ಯ ಪಾತ್ರದ ಸಾವು ಉಂಟೆ?
ಅವರು ಅವನನ್ನು ಹಿಮದಡಿ ಬಿಟ್ಟು ಬಂದರು.
ನಾನು ಎತ್ತಿ ತಂದು ಬಾಯ್ಲರ್ ಪಕ್ಕ ಕೂರಿಸಿದ್ದೇನೆ,
ತುಟಿಗೆ ಇನ್ನೂ ಬಣ್ಣ ಬಂದಿಲ್ಲ.
ಇದು ಸಾವೋ, ಅಲ್ಲವೋ?
'ಹೇಳಲು ಇಷ್ಟವಿಲ್ಲ' ಅನ್ನುವ ಚೌಕವೂ ಇದೆ.
ಟಿಕ್.

ಇನ್ನು ಮನಸ್ಸಿಗೆ ಬಂದ ಟ್ಯಾಗು ಹಚ್ಚಬಹುದು.
ಇಷ್ಟು ವರ್ಷ ಕಂಡವರ ಕಥೆಗೆಲ್ಲ ಹೆಸರಿಟ್ಟವಳು ನಾನು,
ಸ್ವಂತದ್ದಕ್ಕೆ ಹೆಸರಿಡು ಅಂದರೆ ಬೆರಳು ಮರಗಟ್ಟುತ್ತದೆ.
ಬರೆದೆ: ಮೊದಲು ಗಾಯ, ಆಮೇಲೆ ಆರೈಕೆ.
ಬರೆದೆ: ಹಡಗಲ್ಲಿ ಹಾಸಿಗೆ ಒಂದೇ.
ಬರೆದೆ: ಕೆಂಡ ಈಗ, ಉರಿ ಎಂದೋ.
ಬರೆದೆ, ಅಳಿಸಿದೆ, ಮತ್ತೆ ಬರೆದೆ:
ಬರೆದವಳು ತಪ್ಪೊಪ್ಪಿಕೊಳ್ಳುತ್ತಿಲ್ಲ.

ಒಟ್ಟು ಅಧ್ಯಾಯ ಎಷ್ಟು?
ಗೊತ್ತಿಲ್ಲದಿದ್ದರೆ ಪ್ರಶ್ನೆ ಚಿಹ್ನೆ ಸಾಕಂತೆ.
ಪಿಂಚಣಿ ಕಚೇರಿಯಲ್ಲಿ ಹೀಗೆ ಕೇಳಿದ್ದರೆ
ಎಷ್ಟು ಸಲೀಸಾಗಿ ಬದುಕುತ್ತಿದ್ದೆ.

ಕಡೆಗೊಂದು ಚೌಕ, ಬಿಟ್ಟರೂ ನಡೆಯುತ್ತದೆ:
ಯಾರಿಗಾದರೂ ಉಡುಗೊರೆಯೆ?
ಬೈಬಾಳ ಅಲ್ಲಿನ ಹೆಸರು ಒದ್ದೆಗಂಬಳಿ೪೭.
ಬೆರಳಿಗೆ ಅದು ನನಗಿಂತ ಚೆನ್ನಾಗಿ ನೆನಪಿತ್ತು.
ಪೋಸ್ಟ್ ಒತ್ತಿದ ಮೇಲೆ
ಫೋನನ್ನು ಟೊಪ್ಪಿಯೊಳಗೆ ಸುತ್ತಿ ಚೀಲಕ್ಕೆ ತುರುಕಿದೆ,
ಕದ್ದ ಮಾಲಿನ ಹಾಗೆ.

ಬೆಳಗಿನ ಮೊದಲ ಗಾಡಿ. ಮಾರುಕಟ್ಟೆಯ ಹತ್ತಿರ
ಹೊಗೆಮೀನಿನ ಬುಟ್ಟಿ ಹೊತ್ತ ಇಬ್ಬರು ಹತ್ತುವಾಗ
ಚೀಲದೊಳಗೆ ನಡುಕ.
ಓಡಿಸುವಾಗ ನೋಡುವಂತಿಲ್ಲ. ಇನ್ನೂ ಒಂಬತ್ತು ನಿಲ್ದಾಣ.
ಇಷ್ಟು ಉದ್ದದ ಊರು ಇದು ಅಂತ ಗೊತ್ತೇ ಇರಲಿಲ್ಲ.

ತುದಿಯಲ್ಲಿ ನಿಲ್ಲಿಸಿ ತೆರೆದೆ. ಅತಿಥಿಯೊಬ್ಬರ ಮಾತು:
'ಯೋರೆನ್ ಎಡಚ. ಬಲಗೈಯಲ್ಲಿ ಲೋಟ ಹಿಡಿಸಿದ್ದೀಯ, ತಿದ್ದು.
ಮುಂದಿನದು ಯಾವಾಗ?'

ಹೆಸರಿಲ್ಲ.
ಆದರೆ ಏಕವಚನ.
ಗಂಟೆ ಬಾರಿಸಿ, ಬಂದ ಹಾದಿಯಲ್ಲೇ ಹೊರಟೆ.