ಬಾಲ ಉದುರಿದ ಹಸು

ಕೊಯಿಲೆಕೆನ್ ಹಸುವಿನ ಪಕ್ಕೆಗೆ ಕಿವಿಯಿಟ್ಟು ನಿಂತಿದ್ದಾನೆ.
ಐಸುಪೆಟ್ಟಿಗೆ ಇಳಿಸಿ ನಾನು ಕಾಯುತ್ತೇನೆ.
ನಾರೋಕಿನಾಚೆ, ಮುಳ್ಳುಬೇಲಿಯೊಳಗೆ,
ಬೆಳಗಿನ ಹೊಗೆ, ಸಗಣಿ, ನೊರೆಹಾಲು.
‘ಎಡಗಡೆ ಯಾರೋ ಒಣಚರ್ಮ ಹರೀತಿದಾರೆ.’
ನನ್ನ ಸ್ಟೆತಾಸ್ಕೋಪಿಗೂ ಅದೇ ಕೇಳಿಸುತ್ತದೆ,
ಕೊಂಚ ತಡವಾಗಿ.

ಓಲ್‌ಕಿಪೇಯ್.
ಅವನ ನುಡಿಯಲ್ಲಿ ಶ್ವಾಸಕೋಶಕ್ಕೂ ಅದರ ಕೇಡಿಗೂ
ಒಂದೇ ಹೆಸರು.
ನಮ್ಮ ಕಡತದಲ್ಲಿ ಹೆಸರು ಮಾರುದ್ದ,
ಜೀವಿ ಮಾತ್ರ ಸಾಸಿವೆಗೂ ನಾಚಿಕೆ ತರುವಷ್ಟು ಸಣ್ಣದು.
ಮೈಗೊಂದು ಗೋಡೆಯೂ ಇಲ್ಲ;
ಗೋಡೆ ಒಡೆಯಲು ಹೊರಟ ಪೆನಿಸಿಲಿನ್
ಒಡೆಯಲು ಏನೂ ಸಿಗದೆ ಬರಿಗೈಲಿ ವಾಪಸು.

ಅವನ ಅಜ್ಜ, ಸತ್ತ ಹಸುವಿನ ಶ್ವಾಸಕೋಶದ ಚೂರನ್ನು
ಬದುಕಿದ್ದರ ಮೂಗು ಸೀಳಿ ಹುದುಗಿಸುತ್ತಿದ್ದನಂತೆ.
ಕೆಲವಕ್ಕೆ ಮೂಗಿನ ಮೇಲೆ ಮೂರನೇ ಕೋಡು ಮೂಡಿದಂತೆ ಊದಿ
ಬದುಕಿಕೊಂಡವು. ಕೆಲವು ಅಲ್ಲೇ ಮಲಗಿದವು.
‘ನೀ ತಂದಿರೋದೂ ಅದೇ ತಾನೆ?’
ಅದೇ.
ನಲವತ್ತನಾಲ್ಕು ಸಲ ಕೋಳಿಮೊಟ್ಟೆಯಲ್ಲಿ ಬೆಳೆಸಿ
ಹಲ್ಲು ಸವೆಸಿದ್ದೇವೆ, ಅಷ್ಟೆ.
‘ಹಲ್ಲಿಲ್ಲದ್ದು ಕಚ್ಚೋದಿಲ್ಲ ಅಂದ್ಕೋಬೇಡ’
ಎಂದು ಬೊಚ್ಚುಬಾಯಿ ಅಗಲಿಸಿ ನಕ್ಕ.

ಲ್ಯಾಬಿನಲ್ಲಿ ತೊಂಬತ್ತಾರು ಗುಳಿಗಳ ತಟ್ಟೆ,
ಹರಳಿಲ್ಲದ ಅಳಗುಳಿಮಣೆ.
ಒಂದೊಂದು ಗುಳಿಗೆ ಒಂದೊಂದು ಹಸುವಿನ ರಕ್ತದ ತಿಳಿ.
ಪ್ರತಿಕಾಯ ಇದ್ದಲ್ಲಿ ಬಣ್ಣ ಏರುತ್ತದೆ.
ಹದಿನೇಳನೆಯದರ ಬಣ್ಣ ಏರಿದ್ದು ನೋಡಿ
ವಂಜಾಲಾ ಚಹಾ ಕೊಡಿಸಿದ್ದ ಎಲ್ಲರಿಗೂ.
ಹದಿನೇಳು ಸತ್ತಿತು.
ಬಣ್ಣವೇ ಬಾರದ ಮೂವತ್ತೊಂದು
ಇಗೋ ಇಲ್ಲೇ ಮೇಯುತ್ತಿದೆ, ಕರು ಹಾಕಿದೆ.

ರಕ್ತ ಹೇಳುವುದು ಒಂದು, ಶ್ವಾಸಕೋಶ ಮಾಡುವುದು ಇನ್ನೊಂದು.
ಕಳ್ಳನಿಗಿಂತ ಕಾವಲಿನವರೇ ಹೆಚ್ಚಾಗಿ
ಮನೆ ತುಳಿದು ಹಾಳಾದದ್ದೂ ಉಂಟು.
ಕೊಯ್ದು ನೋಡಿದರೆ ಹದಿನೇಳರೊಳಗೆ
ಕೆಂಪು, ಬೂದು, ಹಳದಿ ಗೆರೆಯ ಕಲ್ಲು;
ಉಸಿರಿನ ಜಾಗ ಎಲ್ಲೂ ಇಲ್ಲ.
ಮೂವತ್ತೊಂದರ ಎದೆಯಲ್ಲಿ, ಯಾರು ಬಲ್ಲರು,
ಸತ್ತ ಮಾಂಸದ ಸುತ್ತ ಮೈ ತಾನೇ ಕಟ್ಟಿದ ಗೂಡಿರಬಹುದು,
ಒಳಗೆ ರೋಗ
ತಿಂಗಳುಗಟ್ಟಲೆ ಉಸಿರು ಬಿಗಿಹಿಡಿದು ಕೂತಿರಬಹುದು.
ಇದು ಗೆಲುವೋ ಸೋಲೋ,
ವರದಿಯಲ್ಲಿ ಅದಕ್ಕೆ ಕಾಲಂ ಇಲ್ಲ.

ಹೊಸ ಲಸಿಕೆ ಬರುತ್ತೆ, ಎನ್ನುತ್ತೇನೆ. ಜೀವಿಯಲ್ಲ,
ಅದರ ಮೈಯ ಒಂದೆರಡು ತುಣುಕು ಮಾತ್ರ.
ಯಾವ ತುಣುಕು ಎಂದು ಹುಡುಕುತ್ತಿದ್ದೇವೆ.
ಎಷ್ಟು ವರ್ಷದಿಂದ ಎಂದು ಅವನು ಕೇಳಲಿಲ್ಲ.
ಕೇಳಿದ್ದು ಇಷ್ಟು:
‘ಹೋದ ಸಲದ ಸೂಜಿಗೆ ಇದರ ಬಾಲ ಕೊಳೆತು ಬಿತ್ತು.
ನೊಣ ಓಡಿಸೋರು ಯಾರು?’

ಬರೆದುಕೊಂಡೆ. ಉತ್ತರ ಗೊತ್ತಿರಲಿಲ್ಲ.
ಸಿರಿಂಜಿಗೆ ಮದ್ದು ಎಳೆದು ತಲೆಯೆತ್ತಿದಾಗ
ಹಿರಿಯರಷ್ಟೇ ಹಿಡಿಯುವ ತನ್ನ ಕೂದಲ ಚವರಿಯನ್ನು
ಹಸುವಿನ ಮೋಟುಬಾಲದ ಹಿಂದೆ
ಬೀಸುತ್ತ ನಿಂತಿದ್ದ, ಬೇರೆಲ್ಲೋ ನೋಡುತ್ತ.