ಕೊನೆಯ ಬಸ್ಸು ಒಂಬತ್ತು ನಲವತ್ತಕ್ಕೆ

ಹಾಲ್ವರ್ಸನ್ ಮೇಷ್ಟ್ರೇ,
ನೀವು ಕೊಟ್ಟ ಕತೆ ಎರಡು ಸಲ ಓದಿದೆ,
ಒಮ್ಮೆ ಆಸ್ಪತ್ರೆಯ ಲಾಂಡ್ರಿಯಲ್ಲಿ, ಡ್ರೈಯರು ತಿರುಗುವಷ್ಟು ಹೊತ್ತು,
ಒಮ್ಮೆ ಮಗು ಮಲಗಿದ ಮೇಲೆ.

ಐವತ್ತನಾಲ್ಕನೇ ಇಸವಿ. ನಮ್ಮ ಟೊಲೀಡೊದಂಥದೇ ಊರು.
ಹೊಸ ಬಡಾವಣೆ, ಹೊಸ ಫ್ರಿಜ್ಜು, ಪಾರ್ಟಿ.
ರಾತ್ರಿ ಒಂದಕ್ಕೆ ಮನೆಯ ಯಜಮಾನ
ಹುಲ್ಲಿಗಿಳಿದು, ಕಾರಣವಿಲ್ಲದೆ, ಅಳುತ್ತಾನೆ.
ಫ್ರಿಜ್ಜು ಏನರ ಸಂಕೇತ, ಎಂದು ನಿಮ್ಮ ಪ್ರಶ್ನೆ.

ಫ್ರಿಜ್ಜಿನ ಮಾತು ಆಮೇಲೆ.
ಹನ್ನೊಂದನೇ ಸಾಲು ನೋಡಿ:
‘ಕೆಲಸದವಳು ಐಸು ತಂದಿಟ್ಟು ಹೋದಳು.’
ಎಲ್ಲಿಗೆ?
ನಮ್ಮ ಓಣಿಯ ಕಡೆಗೆ ಆಗ ಕೊನೆಯ ಬಸ್ಸು
ಒಂಬತ್ತು ನಲವತ್ತಕ್ಕೆ; ಅಜ್ಜಿಗೆ ಬಾಯಿಪಾಠ.
ಐಸೋ, ನಡುರಾತ್ರಿ ಕಳೆದರೂ
ಗ್ಲಾಸುಗಳಲ್ಲಿ ಕಿಣಿಕಿಣಿ ಅನ್ನುತ್ತಲೇ ಇದೆ.
ಅಂದರೆ ಅವಳು ಹೋಗಿಲ್ಲ. ಅಡುಗೆಮನೆಯಲ್ಲೇ ಇದ್ದಾಳೆ,
ಕಿಟಕಿಯಿಂದ ಅವನ ಅಳು ನೋಡಿದ್ದಾಳೆ,
ಒಂದು ಕಾಲಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಾ:
ಇದು ಮುಗಿದ ಮೇಲೆ ಕಾರು ತೆಗೆಯುವವರು ಯಾರು?

(ಅಜ್ಜಿ ಮೂರು ಮೈಲಿ ನಡೆದದ್ದುಂಟು,
ಒಳ್ಳೆಯ ಜೋಡನ್ನು ಕಾಗದದ ಚೀಲದಲ್ಲಿ ಬಗಲಿಗಿಟ್ಟು.)

ನೀವು ಕೆಂಪಿನಲ್ಲಿ ಬರೆದಿರಿ: ‘ಚೆನ್ನಾಗಿದೆ ಒಡೆಸ್ಸಾ,
ಆದರೆ ಇದು ಕತೆಯಲ್ಲಿಲ್ಲ.’
ಇಲ್ಲ, ಮೇಷ್ಟ್ರೇ.
ಇಲ್ಲ ಅಂತಲೇ ನಾನೂ ಬರೆದದ್ದು.

ಆ ಗಂಡಸಿನ ಮೇಲೆ ಸಿಟ್ಟಿಲ್ಲ, ಅದನ್ನೂ ಗುರುತು ಹಾಕಿಕೊಳ್ಳಿ.
ಅಳಲಿ ಪಾಪ. ಹುಲ್ಲು ಒದ್ದೆಯಿತ್ತು ಎಂಬ ಸಾಲು
ಬಹಳ ಚೆನ್ನಾಗಿದೆ; ನಿಮ್ಮ ತರಗತಿ ಬಿಟ್ಟು
ಬಸ್ಸಿಗೆ ಕಾಯುವಾಗ ನೆನಪಾಗಿ
ನನ್ನ ಕಾಲೂ ತಣ್ಣಗಾಯಿತು.

ಫ್ರಿಜ್ಜಿನದು ಮುಂದಿನ ವಾರ ಬರೆಯುತ್ತೇನೆ.